ಒವನ್ ಬೇಡದ ಚಾಕೊಲೇಟ್ ಮಿಂಟ್ ಮಿಠಾಯಿ: ಕೊಬ್ಬನ್ನು ಅರಿತರೆ ಕೆಲಸ ಸುಲಭ

ಒವನ್ ಬೇಕಾಗಿಲ್ಲ ಎಂಬ ಕಾರಣಕ್ಕೆ ಸಿಹಿ ತಯಾರಿಗೆ ಹೊಸಬರಾದವರು ಚಾಕೊಲೇಟ್ ಮಿಂಟ್ ಮಿಠಾಯಿಯನ್ನು ಮೊದಲಿಗೆ ಆರಿಸಿಕೊಳ್ಳುತ್ತಾರೆ. ಅದು ಸರಿಯಾದ ಆಯ್ಕೆಯೇ. ಕರಗಿಸಿ, ಕಲಸಿ, ತಣಿಯಲು ಬಿಟ್ಟರೆ ಮಿಠಾಯಿ ಸಿದ್ಧವಾಗುತ್ತದೆ. ಆದರೂ ಇದೇ ಹಂತಗಳನ್ನು ಅನುಸರಿಸಿದ ಒಬ್ಬರಿಗೆ ಹೊಳೆಯುವ, ಮುರಿದರೆ ಟಕ್ಕೆಂದು ಸದ್ದು ಮಾಡುವ ತುಂಡು ಸಿಕ್ಕರೆ, ಇನ್ನೊಬ್ಬರಿಗೆ ಮಂಕಾದ, ಬೆರಳಿಗೆ ಅಂಟುವ ಮುದ್ದೆ ಸಿಗುತ್ತದೆ. ಕೇಕಿಗೆ ಹಿಟ್ಟಿನ ಪಿಷ್ಟವೂ ಮೊಟ್ಟೆಯ ಪ್ರೋಟೀನೂ ಆಕಾರ ಕೊಡುತ್ತವೆ, ಪಾಕದ ಸಿಹಿಗೆ ಕುದಿದು ಗಟ್ಟಿಯಾದ ಸಕ್ಕರೆಯೇ ಆಧಾರ. ಬೇಯಿಸದ ಈ ಮಿಠಾಯಿಯನ್ನು ಹಿಡಿದು ನಿಲ್ಲಿಸುವುದು ಮುಖ್ಯವಾಗಿ ಚಾಕೊಲೇಟಿನೊಳಗಿನ ಕೊಬ್ಬು. ಆ ಕೊಬ್ಬನ್ನು ಬೇಡದ ನೀರಿನಿಂದಲೂ ಅತಿಯಾದ ಶಾಖದಿಂದಲೂ ಕಾಪಾಡುವುದೇ ಇಲ್ಲಿನ ಮುಖ್ಯ ವಿದ್ಯೆ.

ಆರಂಭಕ್ಕೆ ನಾನು ಸಾಮಾನ್ಯವಾಗಿ ಸೂಚಿಸುವುದು ಕಂಡೆನ್ಸ್ಡ್ ಮಿಲ್ಕ್ ಬಳಸುವ ಮೃದುವಾದ ಮಿಠಾಯಿಯನ್ನು. 250 ಗ್ರಾಂ ಡಾರ್ಕ್ ಚಾಕೊಲೇಟನ್ನು ಸಣ್ಣಗೆ ಹೆಚ್ಚಿಕೊಂಡು, 200 ಗ್ರಾಂ ಕಂಡೆನ್ಸ್ಡ್ ಮಿಲ್ಕ್, 15 ಗ್ರಾಂ ಬೆಣ್ಣೆ ಮತ್ತು ಒಂದು ಚಿಟಿಕೆ ಉಪ್ಪಿನೊಂದಿಗೆ ದಪ್ಪ ತಳದ ಪಾತ್ರೆಯಲ್ಲಿ ಹಾಕಿ, ಅತಿ ಸಣ್ಣ ಉರಿಯಲ್ಲಿ ತಿರುವುತ್ತಿರಬೇಕು. ಚಾಕೊಲೇಟ್ ಮುಕ್ಕಾಲು ಭಾಗ ಕರಗಿದೊಡನೆ ಪಾತ್ರೆಯನ್ನು ಒಲೆಯಿಂದ ಇಳಿಸಿದರೆ ಉಳಿದ ಕಾಲು ಭಾಗ ಪಾತ್ರೆಯ ಬಿಸಿಗೇ ಕರಗುತ್ತದೆ. ಎಲ್ಲವೂ ಕರಗುವ ತನಕ ಒಲೆಯ ಮೇಲೆಯೇ ಇಟ್ಟರೆ ಕೊಬ್ಬು ಬೇರ್ಪಟ್ಟು, ಮಿಶ್ರಣದ ಅಂಚಿನಲ್ಲಿ ಎಣ್ಣೆ ತೇಲಲು ಶುರುವಾಗುತ್ತದೆ. ಮಿಶ್ರಣ ಉಗುರುಬೆಚ್ಚಗಾದ ಮೇಲೆ ಪೆಪ್ಪರ್‌ಮಿಂಟ್ ಎಂಬ ಪುದೀನ ಬಗೆಯ ಎಣ್ಣೆಯನ್ನು (ಅಳತೆ ಮುಂದೆ ಹೇಳಿದೆ) ಸೇರಿಸಿ, ಬಟರ್ ಪೇಪರ್ ಹಾಸಿದ ತಟ್ಟೆಯಲ್ಲಿ ಹರಡಿ, ಎರಡು ಮೂರು ಗಂಟೆ ಫ್ರಿಜ್ಜಿನಲ್ಲಿಟ್ಟು, ಬಿಸಿನೀರಿನಲ್ಲಿ ಅದ್ದಿ ಪೂರ್ತಿ ಒರೆಸಿದ ಚಾಕುವಿನಿಂದ ಕತ್ತರಿಸಬಹುದು.

ಇಲ್ಲೊಂದು ಸಂದೇಹ ಸಹಜವಾಗಿಯೇ ಏಳುತ್ತದೆ. ಚಾಕೊಲೇಟಿಗೆ ಒಂದು ಹನಿ ನೀರೂ ತಾಗಬಾರದು ಎನ್ನುತ್ತಾರೆ. ಹಾಗಿರುವಾಗ ಕಂಡೆನ್ಸ್ಡ್ ಮಿಲ್ಕನ್ನು ಸುರಿಯುವುದು ಹೇಗೆ? ಕರಗಿದ ಚಾಕೊಲೇಟ್ ಎಂದರೆ ಕೊಬ್ಬಿನಲ್ಲಿ ತೇಲುತ್ತಿರುವ ಸಕ್ಕರೆ ಮತ್ತು ಕೋಕೋದ ಸೂಕ್ಷ್ಮ ಕಣಗಳು. ಅದಕ್ಕೆ ಕೆಲವೇ ಹನಿ ನೀರು ಬಿದ್ದರೆ ಸಕ್ಕರೆಯ ಕಣಗಳ ಮೇಲ್ಮೈ ಒದ್ದೆಯಾಗಿ, ಅವು ಒಂದಕ್ಕೊಂದು ಅಂಟಿಕೊಂಡು, ಇಡೀ ಚಾಕೊಲೇಟ್ ಕ್ಷಣಗಳಲ್ಲಿ ಒರಟು ಮುದ್ದೆಯಾಗುತ್ತದೆ. ಆದರೆ ನೀರಿನ ಅಂಶ ಸಾಕಷ್ಟು ಇದ್ದಾಗ ಸಕ್ಕರೆ ಅದರಲ್ಲಿ ಕರಗಿ, ಕೊಬ್ಬು ಸಣ್ಣ ಸಣ್ಣ ಗೋಳಗಳಾಗಿ ಅದರೊಳಗೆ ಹರಡಿ, ನಯವಾದ ಹೊಸ ಮಿಶ್ರಣವೇ ಏರ್ಪಡುತ್ತದೆ. ಕಂಡೆನ್ಸ್ಡ್ ಮಿಲ್ಕಿನ ತೂಕದಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚು ನೀರೇ ಇರುವುದರಿಂದ, 200 ಗ್ರಾಂ ಬಳಸಿದಾಗ ಸುಮಾರು 50 ಗ್ರಾಂ ನೀರು ಮಿಶ್ರಣಕ್ಕೆ ಸೇರುತ್ತದೆ. ಅಪಾಯವಿರುವುದು ಅಲ್ಪ ನೀರಿನಲ್ಲಿ. ಒದ್ದೆ ಚಮಚ, ಡಬಲ್ ಬಾಯ್ಲರಿನಿಂದ (ಬಿಸಿನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆ ಇಟ್ಟು ಕರಗಿಸುವ ಜೋಡಣೆ) ಏಳುವ ಹಬೆ, ಪಾತ್ರೆಯ ಅಂಚಿನಲ್ಲಿ ಉಳಿದ ತೇವ ಇವುಗಳಲ್ಲಿ ಯಾವುದೊಂದಾದರೂ ಶುದ್ಧ ಚಾಕೊಲೇಟನ್ನು ಕೆಡಿಸಲು ಸಾಕು.

ಪುದೀನದ ಪರಿಮಳವನ್ನು ಯಾವ ರೂಪದಲ್ಲಿ ಬಳಸಬೇಕೆಂಬ ಪ್ರಶ್ನೆಗೂ ಉತ್ತರ ಇದೇ ತತ್ತ್ವದಲ್ಲಿದೆ. ತಾಜಾ ಎಲೆಗಳನ್ನು ಅರೆದು ಹಾಕುವ ಆಸೆ ಹಲವರಿಗೆ ಇರುತ್ತದೆ, ನಾನು ಅದನ್ನು ಒಪ್ಪುವುದಿಲ್ಲ. ಎಲೆಯಲ್ಲಿ ಬಹುಪಾಲು ನೀರೇ ಇರುತ್ತದೆ, ಅರೆದ ಸ್ವಲ್ಪ ಹೊತ್ತಿಗೇ ಬಣ್ಣ ಕಪ್ಪಾಗುತ್ತದೆ, ಮಿಠಾಯಿಯ ಬಾಳಿಕೆಯೂ ಕುಗ್ಗುತ್ತದೆ. ಎಲೆಯ ಪರಿಮಳವೇ ಬೇಕೆಂದರೆ ಬಿಸಿ ಮಾಡಿದ ಕ್ರೀಮಿನಲ್ಲಿ ಎಲೆಗಳನ್ನು ಅರ್ಧ ಗಂಟೆ ನೆನೆಸಿ, ಸೋಸಿ, ಆ ಕ್ರೀಮಿನಿಂದ ಮಿಠಾಯಿ ಮಾಡಬಹುದು. ಅದನ್ನು ಫ್ರಿಜ್ಜಿನಲ್ಲಿಟ್ಟು ಕೆಲವೇ ದಿನಗಳಲ್ಲಿ ತಿಂದು ಮುಗಿಸಬೇಕು. ಅಂಗಡಿಯಲ್ಲಿ ಸಿಗುವ ಮಿಂಟ್ ಎಸೆನ್ಸ್ ಸಾಮಾನ್ಯವಾಗಿ ಆಲ್ಕೋಹಾಲ್ ಅಥವಾ ನೀರಿನ ಆಧಾರದ್ದಾಗಿರುವುದರಿಂದ ಕಂಡೆನ್ಸ್ಡ್ ಮಿಲ್ಕಿನ ಮಿಶ್ರಣಕ್ಕೆ ಹೊಂದುತ್ತದೆಯೇ ಹೊರತು ಬರಿಯ ಚಾಕೊಲೇಟಿಗೆ ಹೊಂದುವುದಿಲ್ಲ. ಬರಿಯ ಚಾಕೊಲೇಟಿಗೆ ಬೇಕಾದದ್ದು ಆಹಾರಕ್ಕೆಂದೇ ತಯಾರಿಸಿದ ಪೆಪ್ಪರ್‌ಮಿಂಟ್ ಎಣ್ಣೆ, ಏಕೆಂದರೆ ಅದು ಕೊಬ್ಬಿನಲ್ಲಿ ನೇರವಾಗಿ ಬೆರೆಯುತ್ತದೆ. ಸುವಾಸನೆಗೆಂದು ಮಾರುವ ಎಣ್ಣೆಯನ್ನು ಯಾವ ಕಾರಣಕ್ಕೂ ಬಳಸಬಾರದು.

ಪೆಪ್ಪರ್‌ಮಿಂಟ್ ಎಣ್ಣೆ ಬಹಳ ತೀಕ್ಷ್ಣವಾದದ್ದು. ಮೇಲೆ ಹೇಳಿದ ಅಳತೆಗೆ ಐದಾರು ಹನಿಯಿಂದ ಆರಂಭಿಸುವುದು ಕ್ಷೇಮ. ಶೀಶೆಯನ್ನೇ ಬಗ್ಗಿಸಿ ಸುರಿಯದೆ, ಗಾಜಿನ ಡ್ರಾಪರಿನಿಂದ ಮೊದಲು ಒಂದು ಚಮಚಕ್ಕೆ ಹನಿಸಿ, ಅಲ್ಲಿಂದ ಮಿಶ್ರಣಕ್ಕೆ ಸೇರಿಸಿದರೆ ಕೈತಪ್ಪಿ ಹೆಚ್ಚು ಬೀಳುವುದಿಲ್ಲ. ಮಿಶ್ರಣ ತೀರಾ ಬಿಸಿಯಿರುವಾಗ ಹಾಕಿದರೆ ಪರಿಮಳದ ಒಂದು ಪಾಲು ಆವಿಯಾಗಿ ಹೋಗುತ್ತದೆ. ರುಚಿ ನೋಡುವಾಗಲೂ ತಾಳ್ಮೆ ಬೇಕು. ಪೆಪ್ಪರ್‌ಮಿಂಟಿನ ಮೆಂಥಾಲ್ ಬಾಯಿಯನ್ನು ನಿಜವಾಗಿ ತಣಿಸುವುದಿಲ್ಲ. ನಾಲಿಗೆಯ ನರಗಳಲ್ಲಿರುವ ಟಿಆರ್‌ಪಿಎಂ8 ಎಂಬ ಶೀತಗ್ರಾಹಕವನ್ನು ಪ್ರಚೋದಿಸಿ ತಂಪಿನ ಅನುಭವವನ್ನಷ್ಟೇ ಮೂಡಿಸುತ್ತದೆ. 2021ರಲ್ಲಿ ವೈದ್ಯಕೀಯ ವಿಭಾಗದ ನೊಬೆಲ್ ಪ್ರಶಸ್ತಿ ಪಡೆದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೌಟಿಯನ್ ಅವರು ಪ್ರತ್ಯೇಕವಾಗಿ ಈ ಗ್ರಾಹಕವನ್ನು ಗುರುತಿಸಲು ಬಳಸಿದ್ದೂ ಮೆಂಥಾಲನ್ನೇ. ಅಡುಗೆಮನೆಯ ಮಟ್ಟಿಗೆ ಇದರ ಅರ್ಥವೇನೆಂದರೆ, ಬೆಚ್ಚಗಿನ ಮಿಶ್ರಣವನ್ನು ನೆಕ್ಕಿ ನೋಡಿದಾಗ ತಂಪು ಕಡಿಮೆ ಎನಿಸಿದರೂ, ಗಟ್ಟಿಯಾದ ತುಂಡು ನಿಧಾನವಾಗಿ ಕರಗುವಾಗ ಅದು ಹೆಚ್ಚುತ್ತಾ ಹೋಗುತ್ತದೆ. ಆದ್ದರಿಂದ ಅರ್ಧ ಚಮಚ ಮಿಶ್ರಣವನ್ನು ಕಾಗದದ ಮೇಲೆ ಹಾಕಿ, ತಣಿಸಿ, ಪೂರ್ತಿ ತಿಂದ ಮೇಲೆಯೇ ಇನ್ನಷ್ಟು ಹನಿ ಬೇಕೇ ಎಂದು ತೀರ್ಮಾನಿಸಬೇಕು. ಸ್ಪಿಯರ್‌ಮಿಂಟ್ ಎಂಬ ಇನ್ನೊಂದು ಬಗೆಯಲ್ಲಿ ಮುಖ್ಯವಾಗಿ ಇರುವುದು ಕಾರ್ವೋನ್ ಎಂಬ ಪರಿಮಳದ ಅಂಶ. ಅದರ ಪರಿಮಳ ಸೌಮ್ಯ, ತಂಪು ತೀರಾ ಕಡಿಮೆ. ಡಾರ್ಕ್ ಚಾಕೊಲೇಟಿನ ಕಹಿಗೆ ಎದುರು ನಿಲ್ಲುವ ಶಕ್ತಿ ಪೆಪ್ಪರ್‌ಮಿಂಟಿಗೇ ಇದೆ ಎಂಬುದು ನನ್ನ ಅಭಿಪ್ರಾಯ.

ಮುಂದಿನ ಹಂತ ಒಳಗೆ ಬಿಳಿಯ ಮಿಂಟ್ ಹೂರಣ, ಹೊರಗೆ ತೆಳುವಾದ ಚಾಕೊಲೇಟ್ ಹೊದಿಕೆ ಇರುವ ಬಿಲ್ಲೆ. 250 ಗ್ರಾಂ ನುಣ್ಣನೆಯ ಸಕ್ಕರೆ ಪುಡಿಗೆ 20 ಗ್ರಾಂ ಮೃದುವಾದ ಬೆಣ್ಣೆ, ಸುಮಾರು 60 ಗ್ರಾಂ ಕಂಡೆನ್ಸ್ಡ್ ಮಿಲ್ಕ್ ಮತ್ತು ನಾಲ್ಕೈದು ಹನಿ ಪೆಪ್ಪರ್‌ಮಿಂಟ್ ಎಣ್ಣೆ ಸೇರಿಸಿ, ಕೈಗೆ ಅಂಟದ ಹಿಟ್ಟಿನ ಹದಕ್ಕೆ ನಾದಬೇಕು. ಅದನ್ನು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಬಿಲ್ಲೆಗಳಾಗಿ ಕತ್ತರಿಸಿ, ಮೇಲ್ಮೈ ಒಣಗಲು ಒಂದೆರಡು ಗಂಟೆ ಮುಚ್ಚದೆ ಬಿಡಬೇಕು. ಬೇಗ ಮುಗಿಸುವ ಆತುರದಲ್ಲಿ ಬಿಲ್ಲೆಗಳನ್ನು ಫ್ರೀಜರಿನಲ್ಲಿಟ್ಟು ಅದ್ದುವುದು ರೂಢಿಯಲ್ಲಿದೆ, ಆದರೆ ಹಾಗೆ ಮಾಡಿದರೆ ಚಾಕೊಲೇಟ್ ಹಠಾತ್ತನೆ ಬಿಗಿಯುತ್ತದೆ. ಆಮೇಲೆ ಒಳಗಿನ ಹೂರಣ ಬೆಚ್ಚಗಾಗಿ ಹಿಗ್ಗಿದಾಗ ಹೊದಿಕೆ ಸೀಳಿ, ಆ ಸೀಳಿನಿಂದ ಹೂರಣ ಜಿನುಗುತ್ತದೆ. ಬಿಲ್ಲೆಗಳು ಕೋಣೆಯ ಉಷ್ಣತೆಗಿಂತ ತುಸುವೇ ತಣ್ಣಗಿದ್ದರೆ ಸಾಕು.

ಹೊದಿಕೆಯ ಚಾಕೊಲೇಟಿನ ವಿಷಯದಲ್ಲಿ ಪೊಟ್ಟಣದ ಮೇಲಿನ ಪಟ್ಟಿಯನ್ನು ಓದುವುದೇ ಮೊದಲ ಕೆಲಸ. ಕೋಕೋ ಬೀಜದ ಕೊಬ್ಬಾದ ಕೋಕೋ ಬೆಣ್ಣೆ ಇರುವ ಚಾಕೊಲೇಟ್ ಬೇರೆ, ಅದರ ಬದಲಿಗೆ ಇತರ ಸಸ್ಯಜನ್ಯ ಕೊಬ್ಬು ಬಳಸಿದ ಕಾಂಪೌಂಡ್ ಬೇರೆ. ಕಾಂಪೌಂಡನ್ನು ಕರಗಿಸಿ ಅದ್ದಿದರೆ ತಾನಾಗಿಯೇ ಗಟ್ಟಿಯಾಗುತ್ತದೆ. ರುಚಿ ಸ್ವಲ್ಪ ಕಡಿಮೆಯಾದರೂ ಮೊದಲ ಪ್ರಯತ್ನಕ್ಕೂ ಬಿಸಿ ವಾತಾವರಣಕ್ಕೂ ಅದೇ ಅನುಕೂಲ. ಕೋಕೋ ಬೆಣ್ಣೆಯ ಸ್ವಭಾವ ಹಾಗಲ್ಲ. ಅದು ಆರು ಬಗೆಯ ಹರಳುಗಳಾಗಿ ಗಟ್ಟಿಯಾಗಬಲ್ಲದು. ಅವುಗಳಲ್ಲಿ ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಐದನೆಯ ಬಗೆ ಮಾತ್ರ ಹೊಳಪನ್ನೂ ಗರಿಗರಿಯನ್ನೂ ಬಾಯಲ್ಲಿಟ್ಟೊಡನೆ ಕರಗುವ ಗುಣವನ್ನೂ ಒಟ್ಟಿಗೆ ಕೊಡುತ್ತದೆ. ಆ ಬಗೆಯ ಹರಳುಗಳನ್ನೇ ಬೆಳೆಸುವ ಕ್ರಮಕ್ಕೆ ಟೆಂಪರಿಂಗ್ ಎಂದು ಹೆಸರು. ಮನೆಯಲ್ಲಿ ಇದನ್ನು ಮಾಡುವ ಸರಳ ವಿಧಾನವೆಂದರೆ, ಡಾರ್ಕ್ ಚಾಕೊಲೇಟಿನ ಮೂರರಲ್ಲಿ ಎರಡು ಪಾಲನ್ನು 45ರಿಂದ 50 ಡಿಗ್ರಿಯವರೆಗೆ ಬಿಸಿ ಮಾಡಿ ಕರಗಿಸಿ, ಉರಿಯಿಂದ ಇಳಿಸಿ, ಕರಗಿಸದೆ ಎತ್ತಿಟ್ಟ ಮೂರನೆಯ ಪಾಲನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ, ಉಷ್ಣತೆ 31ರಿಂದ 32 ಡಿಗ್ರಿಗೆ ಬರುವ ತನಕ ಬಿಡದೆ ತಿರುವುವುದು. ಎತ್ತಿಟ್ಟ ಚಾಕೊಲೇಟಿನಲ್ಲಿ ಬೇಕಾದ ಹರಳುಗಳು ಈಗಾಗಲೇ ಇರುವುದರಿಂದ, ಹಾಲಿಗೆ ಹೆಪ್ಪು ಹಾಕಿದಂತೆ ಅವು ಉಳಿದ ಕೊಬ್ಬನ್ನೂ ತಮ್ಮ ಬಗೆಗೆ ಒಲಿಸಿಕೊಳ್ಳುತ್ತವೆ. ಹಾಲಿನ ಚಾಕೊಲೇಟಿಗಾದರೆ ಕೊನೆಯ ಉಷ್ಣತೆ ಒಂದೆರಡು ಡಿಗ್ರಿ ಕಡಿಮೆಯಿರಬೇಕು. ಚಾಕುವಿನ ತುದಿಗೆ ಸವರಿದ ಚಾಕೊಲೇಟ್ ತಂಪಾದ ಕೋಣೆಯಲ್ಲಿ ಐದು ನಿಮಿಷದೊಳಗೆ ಸಮನಾಗಿ, ಹೊಳಪಿನಿಂದ ಗಟ್ಟಿಯಾದರೆ ಹದ ಬಂದಿದೆ ಎಂದೇ ಲೆಕ್ಕ. ಬರಿಗಣ್ಣಿನ ಅಂದಾಜಿಗಿಂತ ಅಡುಗೆಯ ಥರ್ಮಾಮೀಟರ್ ಒಂದನ್ನು ಇಟ್ಟುಕೊಳ್ಳುವುದು ಎಷ್ಟೋ ಮೇಲು.

ನಿಜವಾದ ಚಾಕೊಲೇಟನ್ನೂ ಕಾಂಪೌಂಡನ್ನೂ ಬೆರೆಸಿ ಕರಗಿಸಬಾರದು, ಏಕೆಂದರೆ ಎರಡು ಕೊಬ್ಬುಗಳು ಸಾಮಾನ್ಯವಾಗಿ ಹೊಂದಿಕೊಳ್ಳದೆ ಮಿಠಾಯಿ ಮೆತ್ತಗಾಗಿ ಬೇಗನೆ ಬೂದುಬಣ್ಣಕ್ಕೆ ತಿರುಗುತ್ತದೆ. ಹೂರಣಕ್ಕೆ ಹಸಿರು ಬಣ್ಣ ಬೇಕೆನಿಸಿದರೆ ನೀರಿನದಾಗಲಿ ಎಣ್ಣೆಯದಾಗಲಿ ಯಾವ ಬಗೆಯ ಆಹಾರದ ಬಣ್ಣವಾದರೂ ನಡೆಯುತ್ತದೆ, ಆದರೆ ಬಿಳಿ ಚಾಕೊಲೇಟಿಗೆ ಬಣ್ಣ ಹಾಕುವುದಾದರೆ ಎಣ್ಣೆಯಲ್ಲಿ ಕರಗುವ ಬಣ್ಣವೇ ಆಗಬೇಕು.

ಮಿಠಾಯಿಯ ಮೇಲೆ ಕೆಲವು ದಿನಗಳ ನಂತರ ಕಾಣಿಸುವ ಬಿಳಿ ಛಾಯೆಯನ್ನು ಬೂಷ್ಟು ಎಂದು ತಿಳಿದು ಎಸೆಯುವವರಿದ್ದಾರೆ. ಅದು ಹೆಚ್ಚಾಗಿ ಮೇಲ್ಮೈಗೆ ಬಂದು ಹರಳುಗಟ್ಟಿದ ಕೊಬ್ಬು ಅಥವಾ ಸಕ್ಕರೆ. ಬೆರಳಿನಿಂದ ಉಜ್ಜಿದಾಗ ಜಾರುತ್ತಾ ಮಾಯವಾದರೆ ಅದು ಕೊಬ್ಬು. ಟೆಂಪರಿಂಗ್ ಸರಿಯಾಗಿಲ್ಲ ಅಥವಾ ಮಿಠಾಯಿ ಬಿಸಿ ಜಾಗದಲ್ಲಿತ್ತು ಎಂದರ್ಥ. ಒರಟಾಗಿ ಹಾಗೆಯೇ ಉಳಿದರೆ ಅದು ಸಕ್ಕರೆ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಮಿಠಾಯಿಯ ಮೇಲೆ ಗಾಳಿಯ ತೇವ ಹನಿಗಟ್ಟಿ, ಸಕ್ಕರೆಯನ್ನು ಕರಗಿಸಿ, ಆರಿಹೋದಾಗ ಇದು ಉಂಟಾಗುತ್ತದೆ. ಎರಡೂ ತಿನ್ನಲು ಯೋಗ್ಯವೇ, ನೋಟ ಮಾತ್ರ ಕೆಟ್ಟಿರುತ್ತದೆ. ಫ್ರಿಜ್ಜಿನಲ್ಲಿ ಇಡುವುದಾದರೆ ಗಾಳಿಯಾಡದ ಡಬ್ಬಿಯಲ್ಲಿಟ್ಟು, ಹೊರತೆಗೆದ ಮೇಲೆ ಡಬ್ಬಿಯೇ ಕೋಣೆಯ ಉಷ್ಣತೆಗೆ ಬರುವ ತನಕ ಮುಚ್ಚಳ ತೆರೆಯದಿದ್ದರೆ ಸಕ್ಕರೆಯ ಬಿಳಿ ಬಾರದು. ಆ ಡಬ್ಬಿಯಲ್ಲಿ ಬೇರೆ ಸಿಹಿಗಳಿಗೆ ಜಾಗ ಕೊಡಬಾರದು. ಪೆಪ್ಪರ್‌ಮಿಂಟಿನ ವಾಸನೆ ಒಂದು ರಾತ್ರಿಯಲ್ಲಿಯೇ ಪಕ್ಕದ ಸಿಹಿಗೂ ಹತ್ತುತ್ತದೆ. ಎಣ್ಣೆಯ ಶೀಶೆಯನ್ನು ಮಾತ್ರ ಮುಚ್ಚಳ ಬಿಗಿಮಾಡಿ, ಬೆಳಕು ಬೀಳದ, ಚಿಕ್ಕ ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಇಡಬೇಕು.