ಅರ್ಜಿ ಮಂಜೂರು, ಕಾರ್ಡ್ ಮಾತ್ರ ಇಲ್ಲ

ಮಕ್ಕಳನ್ನು ಅಮೆರಿಕಕ್ಕೆ ಕಳಿಸಿದ ಕೋಲಾರದ ಮನೆಗಳಲ್ಲಿ 2020ರ ವೀಸಾ ಗೋಳನ್ನು ಇವತ್ತಿಗೂ ಕೊರೋನಾ ಲೆಕ್ಕಕ್ಕೇ ಬರೆಯುತ್ತಾರೆ. ಅದರಲ್ಲಿ ಅರ್ಧ ಮಾತ್ರ ನಿಜ. ಆ ಮಾರ್ಚ್ ಮಧ್ಯದಲ್ಲಿ, ನಮ್ಮವರು ಮುಳಬಾಗಿಲು ದಾಟಿ ಹೋಗುವ ಚೆನ್ನೈ ಕಾನ್ಸುಲೇಟೂ ಸೇರಿ ಭಾರತದಲ್ಲೆಲ್ಲ ಮಾಮೂಲಿ ವೀಸಾ ಸಂದರ್ಶನ ನಿಂತಿತು. ರಜೆಗೆ ಬಂದವರು ಪಾಸ್‌ಪೋರ್ಟಿಗೆ ವೀಸಾ ಮುದ್ರೆ (ಸ್ಟ್ಯಾಂಪಿಂಗ್) ಬೀಳದೆ ಊರಲ್ಲೇ ಸಿಕ್ಕಿಕೊಂಡರು. ಜೂನ್ 22ರ ಟ್ರಂಪ್ ಆದೇಶ ನುರಿತ ಕೆಲಸಗಾರರಿಗೆ ಕೊಡುವ ಎಚ್-1ಬಿ ವೀಸಾಗಳಲ್ಲಿ ಹೊಸದನ್ನೇ ತಡೆಯಿತು. ಕೊಟ್ಟ ಕಾರಣ ಅಮೆರಿಕನ್ನರ ನೌಕರಿ ಉಳಿಸುವುದು. 2021ರ ಮಾರ್ಚ್ 31ರವರೆಗೂ ಅದು ಜಾರಿಯಲ್ಲಿತ್ತು.

ಇನ್ನರ್ಧ ಕಚೇರಿಯೊಳಗಿನ ಕಥೆ. ವಲಸೆ ಅರ್ಜಿ ನೋಡುವ ಯುಎಸ್‌ಸಿಐಎಸ್ ಹೆಚ್ಚೂಕಡಿಮೆ ಪೂರ್ತಿ ಅರ್ಜಿದಾರರ ಶುಲ್ಕದ ಮೇಲೇ ನಡೆಯುತ್ತದೆ. ಅರ್ಜಿಗಳ ಸಂಖ್ಯೆ ಇಳಿದದ್ದೇ ತಡ, ಸುಮಾರು 13,000 ನೌಕರರಿಗೆ ಸಂಬಳವಿಲ್ಲದ ರಜೆಯ ನೋಟಿಸ್ ಹೋಯಿತು. ಆಗಸ್ಟ್ ಕೊನೆಗೆ ಅದನ್ನು ಕೈಬಿಟ್ಟರು. ಅಷ್ಟರಲ್ಲಿ ಕಾರ್ಡ್ ಮುದ್ರಿಸುವ ಗುತ್ತಿಗೆಯನ್ನು ಜೂನ್‌ನಲ್ಲೇ ಮುಗಿಸಿಯಾಗಿತ್ತು. ಕಾಯಂ ವಾಸದ ಗ್ರೀನ್ ಕಾರ್ಡ್, ಕೆಲಸದ ಪರವಾನಗಿ ಎಲ್ಲ ಸೇರಿ ಲಕ್ಷಕ್ಕೂ ಮೀರಿ ಮುದ್ರಣವಾಗದೆ ಬಿದ್ದವು. ಅಧಿಕಾರಿ ಒಪ್ಪಿದ್ದಾಗಿದೆ, ಮಂಜೂರಾತಿ ಪತ್ರವೂ ಬಂದಿದೆ. ಕೈಯಲ್ಲಿ ಪ್ಲಾಸ್ಟಿಕ್ ಕಾರ್ಡಿಲ್ಲ, ಹಾಗಾಗಿ ಕೆಲಸಕ್ಕೆ ಸೇರುವಂತಿಲ್ಲ. (ನಾಡಕಚೇರಿಯ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಕೇಳಿಕೊಂಡೇ ಬಂದ ನಮಗೆ ಇದು ಹೊಸದಲ್ಲ. ಅಲ್ಲೂ ಹೀಗೇನಾ ಅನ್ನಿಸುತ್ತದೆ, ಅಷ್ಟೇ.) ಒಹಾಯೊದಲ್ಲಿ ಕೋರ್ಟ್ ಮೆಟ್ಟಿಲೇರಿದ ಮೇಲೆ, ಆಗಸ್ಟ್‌ನಲ್ಲಿ, ಪರವಾನಗಿ ಕಾರ್ಡಿನ ಬದಲು ಆ ಪತ್ರವನ್ನೇ ಕಂಪನಿಗೆ ತೋರಿಸಬಹುದು ಎಂದಾಯಿತು.

ಹೆಚ್ಚು ಪೆಟ್ಟು ತಿಂದವರು ಎಚ್-1ಬಿಯವರ ಕುಟುಂಬಕ್ಕೆ ಕೊಡುವ ಎಚ್-4 ವೀಸಾದಲ್ಲಿದ್ದ ಹೆಂಡತಿಯರು. 2015ರಿಂದ ಅವರಲ್ಲಿ ಕೆಲವರಿಗೆ ದುಡಿಯುವ ಅವಕಾಶ ಸಿಕ್ಕಿತ್ತು. 2019ರ ಮಾರ್ಚ್‌ನಿಂದ ಎಚ್-4 ವಿಸ್ತರಣೆಗೂ ಬೆರಳಚ್ಚು ಬೇಕೆಂದರು, ಮೊದಲೇ ಕೊಟ್ಟವರೂ ಮತ್ತೆ ಕೊಡಬೇಕು. ಮರುವರ್ಷ ಬೆರಳಚ್ಚು ಕೇಂದ್ರಗಳಿಗೇ ಬೀಗ. ಸರದಿ ಬರುವಷ್ಟರಲ್ಲಿ ಪರವಾನಗಿ ಮುಗಿದು ಎಷ್ಟೋ ಜನ ಕೆಲಸ ಕಳೆದುಕೊಂಡರು. ಬೆರಳಚ್ಚಿನ ನಿಯಮಕ್ಕೆ ತಡೆ ಬಿದ್ದದ್ದು 2021ರ ಮೇ 17ಕ್ಕೆ.

ಮಗಳ ಬಾಣಂತನಕ್ಕೆ ಹೊರಟ ಅಮ್ಮಂದಿರ ಪಾಡು ಬೇರೆ. 2022ರ ಕೊನೆಗೆ ಸಂದರ್ಶಕ ವೀಸಾ ಸ್ಲಾಟಿಗೆ ಎರಡು ವರ್ಷಕ್ಕೂ ಹೆಚ್ಚು ಕಾಯಬೇಕಿತ್ತು.

ಇಷ್ಟಕ್ಕೂ ಗ್ರೀನ್ ಕಾರ್ಡಿಗೆ ಕಾಯುವವರ ಸಾಲು ಹಳೆಯದು. 1990ರ ಕಾಯ್ದೆಯಂತೆ ಉದ್ಯೋಗದ ಗ್ರೀನ್ ಕಾರ್ಡ್ ವರ್ಷಕ್ಕೆ 1,40,000, ಒಂದು ದೇಶಕ್ಕೆ ಸಾಮಾನ್ಯವಾಗಿ ಶೇ 7. ಮಾಲ್ಡೀವ್ಸ್‌ಗೂ ಭಾರತಕ್ಕೂ ಅದೇ ಮಿತಿ. ಕಾನ್ಸುಲೇಟ್‌ಗಳು ಮುಚ್ಚಿ ಉಳಿದ ಕುಟುಂಬ ವೀಸಾಗಳು ಉದ್ಯೋಗದ ಲೆಕ್ಕಕ್ಕೆ ಸೇರಿದ್ದರಿಂದ 2021ರ ಹಣಕಾಸು ವರ್ಷಕ್ಕೆ ಉದ್ಯೋಗದ ಕಾರ್ಡುಗಳ ಸಂಖ್ಯೆ 2,62,000 ದಾಟಿತು. ಸಾಲು ಕರಗಿಸಲು ಅದು ಒಳ್ಳೆಯ ಅವಕಾಶವಾಗಿತ್ತು. ಆದರೆ ಆ ಹಣಕಾಸು ವರ್ಷ ಮುಗಿಯುವ ಸೆಪ್ಟೆಂಬರ್ 30ರೊಳಗೆ ಕಡತ ಮುಗಿಸಲಾಗದೆ ಸುಮಾರು 66,000 ಕಾರ್ಡ್ ಯಾರಿಗೂ ದಕ್ಕದೆ ಹೋದವು.