ಮಾಕುಟ್ಟದ ಹೊಳೆ, ಅಳಿವೆಯ ಲೋಳೆ ಮೀನು

ಕಡಲ ಜೀವಶಾಸ್ತ್ರ ಓದಿದ ನಾನು ವಿರಾಜಪೇಟೆಯಲ್ಲಿ ಮಣ್ಣು, ನೀರು ಪರೀಕ್ಷಿಸುತ್ತೇನೆ. ಜನವರಿಯಲ್ಲಿ ತೋಟದ ಮಣ್ಣು ತಂದಿದ್ದ ಬೆಳೆಗಾರರೊಬ್ಬರು ಕಣ್ಣೂರಿನ ಕಡಲತೀರದಲ್ಲಿ ತೆಗೆದ ಲೋಳೆ ಮೀನಿನ (ಜೆಲ್ಲಿಫಿಶ್) ಫೋಟೋ ತೋರಿಸಿ, "ಮೇಡಂ, ಸಮುದ್ರ ಹುಳಿಯಾಗುತ್ತಿದೆಯಂತೆ. ಅದಕ್ಕೇ ಇವು ಹೆಚ್ಚಾಗಿವೆಯೇ?" ಎಂದು ಕೇಳಿದರು.

ಹುಳಿಮಣ್ಣಿಗೆ ಸುಣ್ಣ ಹಾಕುವ ಕೊಡಗಿನವರಿಗೆ ಹುಳಿಯ ಅಳತೆಯಾದ ಪಿಎಚ್ (7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) ಹೊಸದಲ್ಲ. ಕೈಗಾರಿಕಾ ಯುಗಕ್ಕೆ ಮುಂಚೆ ಸಮುದ್ರದ ಮೇಲ್ಪದರದ ಪಿಎಚ್ ಸುಮಾರು 8.2 ಇತ್ತು, ಈಗ 8.1ರ ಆಸುಪಾಸಿನಲ್ಲಿದೆ. ನೀರು ಇನ್ನೂ ಕ್ಷಾರೀಯವೇ. ಆದರೆ ಪಿಎಚ್ ಒಂದು ಅಂಕ ಇಳಿದರೆ ಆಮ್ಲತೆ ಹತ್ತು ಪಟ್ಟು ಏರುತ್ತದೆ. ಹಾಗಾಗಿ ಈ 0.1ರ ಇಳಿಕೆ ಎಂದರೆ ಕಾಲು ಭಾಗಕ್ಕೂ ಮೀರಿದ ಏರಿಕೆ. ಮರುವಾಯಿಯಂಥ ಚಿಪ್ಪಿನ ಜೀವಿಗಳಿಗೆ ಇದು ನೇರ ಪೆಟ್ಟು. ಲೋಳೆ ಮೀನಿಗೆ ಚಿಪ್ಪಿಲ್ಲ, ಆದ್ದರಿಂದ ಅದಕ್ಕೇನೂ ಆಗದು ಎಂದುಕೊಳ್ಳುವುದು ತಪ್ಪು.

ಔರೇಲಿಯಾ ಎಂಬ ದುಂಡನೆಯ ಲೋಳೆ ಮೀನನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿ. ಕೊಡೆಯಂಥ ಮೈಯ ಅಂಚಿನಲ್ಲಿ ಎಂಟು ಕಡೆ ಹರಳಿನ ಪುಟ್ಟ ಗೊಂಚಲುಗಳಿರುತ್ತವೆ. ದೇಹ ವಾಲಿದಾಗ ಹರಳು ಒಂದು ಕಡೆಗೆ ಒತ್ತುತ್ತದೆ. ಮೇಲು ಯಾವುದು, ಕೆಳಗು ಯಾವುದು ಎಂದು ಪ್ರಾಣಿಗೆ ತಿಳಿಯುವುದು ಅದರಿಂದಲೇ. ಆ ಹರಳು ಕ್ಯಾಲ್ಸಿಯಂ ಸಲ್ಫೇಟ್, ಮುರಿದ ಕೈಗೆ ಕಟ್ಟುವ ಪ್ಲಾಸ್ಟರಿನದೇ ವಸ್ತು. ಪಿಎಚ್ ತಗ್ಗಿಸಿದ ನೀರಿನಲ್ಲಿ ಬೆಳೆಸಿದ ಮರಿಗಳಲ್ಲಿ ಹರಳುಗಳು ಚಿಕ್ಕದಾಗಿದ್ದುದನ್ನು ಪ್ರಯೋಗಗಳು ತೋರಿಸಿವೆ. ಅಂದರೆ ಆಮ್ಲತೆ ಲೋಳೆ ಮೀನಿಗೂ ವರವಲ್ಲ.

ವರವಾಗುವುದು ಉಸಿರಿನ ಅಭಾವ. ಗೊಬ್ಬರದ ಸಾರಜನಕ, ರಂಜಕ ಹೊಳೆ ಕಡಲು ಕೂಡುವ ಅಳಿವೆ ಸೇರಿದರೆ ಪಾಚಿ ಉಕ್ಕುತ್ತದೆ. ಅದು ಸತ್ತು ಕೊಳೆಯುವಾಗ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನು ಹೀರಿಬಿಡುತ್ತವೆ. ಲೀಟರಿಗೆ 2 ಮಿಲಿಗ್ರಾಮಿಗಿಂತ ಕೆಳಗಿಳಿದ ನೀರಿನಲ್ಲಿ ಹೆಚ್ಚಿನ ಮೀನುಗಳು ನಿಲ್ಲಲಾರವು. ಲೋಳೆ ಮೀನಿಗೆ ಕಿವಿರೇ ಇಲ್ಲ, ಮೈಯೆಲ್ಲ ಉಸಿರಾಡುತ್ತದೆ. ಲೋಳೆಯೊಳಗೆ ಒಂದಿಷ್ಟು ಆಮ್ಲಜನಕವನ್ನು ಕೂಡಿಟ್ಟುಕೊಳ್ಳುವ ಜಾತಿಗಳೂ ಇವೆ. ಎದುರಾಳಿ ಸೋತು ಹೋದ ಅಂಗಳದಲ್ಲಿ ಅದು ಉಳಿದುಕೊಳ್ಳುತ್ತದೆ. ಕಲ್ಲು, ಚಿಪ್ಪು, ಜೆಟ್ಟಿಯ ಕಂಬಗಳಿಗೆ ಅಂಟಿ ಬದುಕುವ ಅದರ ಪಾಲಿಪ್ ಹಂತವೂ (ಈಜುವ ರೂಪಕ್ಕೆ ಮುಂಚಿನದು) ಅನೇಕ ಜಾತಿಗಳಲ್ಲಿ ಇಷ್ಟೇ ಗಟ್ಟಿ.

ಲೋಳೆ ಮೀನು ಸೋಲುವುದು ಮಳೆಗೆ. ಸಮುದ್ರದ ಒಂದು ಕಿಲೋ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಜೂನ್, ಜುಲೈಯಲ್ಲಿ ನಮ್ಮ ಘಟ್ಟದ ನೀರು ನುಗ್ಗಿದಾಗ ಅಳಿವೆಯ ಮೇಲ್ಪದರ ಹೆಚ್ಚುಕಡಿಮೆ ಸಿಹಿಯಾಗುತ್ತದೆ. ಒಡಲಿನ ಉಪ್ಪನ್ನು ಹಿಡಿದಿಡುವ ಶಕ್ತಿ ಲೋಳೆ ಮೀನಿಗಿಲ್ಲ. ಮೈ ಉಬ್ಬುತ್ತದೆ, ಕೊಡೆಯ ಬಡಿತ ನಿಧಾನವಾಗುತ್ತದೆ, ಕೆಳಗೆ ಮುಳುಗುತ್ತದೆ. ಮಳೆ ತಗ್ಗಿ ಉಪ್ಪು ಮರಳಿದ ಮೇಲೆ, ಹೊಳೆ ತಂದಿಟ್ಟ ಪೋಷಕಾಂಶಗಳ ಮೇಲೆ ಪಾಚಿ ಏಳುವಾಗ, ಅದರ ಕಾಲ ಮತ್ತೆ ಬರುತ್ತದೆ.

ಆ ಹೊಳೆಗಳು ನಮ್ಮವು. ಕೊಡಗಿನ ಗಡಿಯ ಮಾಕುಟ್ಟದ ಬಳಿ ಹರಿಯುವ ಬಾರಾಪೊಳೆ ಕೇರಳದಲ್ಲಿ ವಳಪಟ್ಟಣಂ ಹೊಳೆಯಾಗಿ ಕಣ್ಣೂರಿನ ಹತ್ತಿರ ಸಮುದ್ರ ಸೇರುತ್ತದೆ. ಪುಷ್ಪಗಿರಿಯ ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕೂಡಿ ಮಂಗಳೂರಿನ ಅಳಿವೆ ತಲುಪುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ಪಲ್ಪಿಂಗ್ ನೀರನ್ನು ಹಾಗೇ ಹಳ್ಳಕ್ಕೆ ಬಿಟ್ಟರೆ ಮೊದಲು ಉಸಿರುಗಟ್ಟುವುದು ಆ ಹಳ್ಳದ ಮೀನಿಗೇ. ಡಿಸೆಂಬರ್, ಜನವರಿಯಲ್ಲಿ ಹಳ್ಳದ ಹರಿವೇ ಸಣ್ಣದು. ಹುಳಿತ ಪಲ್ಪಿಂಗ್ ನೀರಿನ ಪಿಎಚ್ 4ರ ಸುತ್ತಮುತ್ತ ಇರುತ್ತದೆ. ಸಮುದ್ರದವರೆಗೆ ಸಾಗುವುದು ಅದರ ಹುಳಿಯಲ್ಲ. ಪಲ್ಪಿಂಗ್ ನೀರಿನ, ತೋಟದ ಗೊಬ್ಬರದ ಸಾರಜನಕ ಮತ್ತು ರಂಜಕ. ದಾರಿಯಲ್ಲಿರುವ ಪಳಶ್ಶಿಯಂಥ ಅಣೆಕಟ್ಟು ಒಂದಿಷ್ಟನ್ನು ತಡೆಹಿಡಿದರೂ ಉಳಿದದ್ದು ಹರಿಯುತ್ತದೆ.

ಇಷ್ಟನ್ನು ಕೇಳಿದ ಆ ಬೆಳೆಗಾರರು ಫೋಟೋ ಮುಚ್ಚಿ, ತಮ್ಮ ಪಲ್ಪಿಂಗ್ ತೊಟ್ಟಿಗೆ ಸುಣ್ಣ ಎಷ್ಟು ಹಾಕಬೇಕೆಂದು ಕೇಳಿದರು. ಸುಣ್ಣ ಹುಳಿಯನ್ನು ಕಳೆಯುತ್ತದೆ, ಸಾರಜನಕವನ್ನಲ್ಲ ಎಂದೆ. ನೀರು ಹಲವು ದಿನ ತೊಟ್ಟಿಯಲ್ಲಿ ನಿಂತು ಕೊಳೆತು, ಆಮೇಲೆ ಹಳ್ಳಕ್ಕಲ್ಲ, ತೋಟಕ್ಕೇ ಹೋಗಬೇಕು. ಮರುವಾರ ತೊಟ್ಟಿಯ ನೀರನ್ನೇ ಬಾಟಲಿಯಲ್ಲಿ ತುಂಬಿ ತಂದಿದ್ದರು.