ಡಿಪಾಸಿಟ್ ಕಟ್ಟುವ ಮೊದಲೇ ಐ.ಪಿ.ಎಫ್. ಕೇಳಿ

ಪ್ರಶ್ನೆ: ನನ್ನ ತಮ್ಮ ಮುಂಬಯಿಯ ಸಾಕಿನಾಕಾದಲ್ಲಿ ಹೋಟೆಲ್ ಕೆಲಸಕ್ಕಿದ್ದಾನೆ. ಕಿಡ್ನಿ ಕಲ್ಲಿಗೆ ಆಪರೇಷನ್ ಆಗಬೇಕಂತೆ. ವಿಮೆ ಇಲ್ಲ. ಟ್ರಸ್ಟ್ ಆಸ್ಪತ್ರೆಯಲ್ಲಿ ಬಡವರಿಗೆ ಉಚಿತ ಅನ್ನುತ್ತಾರೆ, ನಿಜವೇ? ಬಿಲ್ ಬಂದ ಮೇಲೆ ಕೇಳಿದರೆ ಆದೀತೇ?

ನಿಜ. ಆದರೆ ಬಿಲ್ ಬರುವವರೆಗೆ ಕಾಯಬೇಡಿ. ಸೇರಿಸುವ ದಿನವೇ ಕೇಳಿ. ಬಿಲ್ಲಿಂಗ್ ಕೌಂಟರಿನಲ್ಲಲ್ಲ, ಅಲ್ಲಿನ ಸಮಾಜ ಸೇವಕರ ಬಳಿ. ಆಸ್ಪತ್ರೆಯಲ್ಲಿ ಅವರನ್ನು ಎಂ.ಎಸ್.ಡಬ್ಲ್ಯೂ. ಅನ್ನುತ್ತಾರೆ. ಮರಾಠಿಯಲ್ಲಿ 'ಆಯ್.ಪಿ.ಎಫ್. ಸಾಠೀ ಅರ್ಜ ಕರಾಯ್‌ಚಾ ಆಹೇ' (ಐ.ಪಿ.ಎಫ್.ಗೆ ಅರ್ಜಿ ಹಾಕಬೇಕಿದೆ) ಅಂದರೆ ಸಾಕು, ಅರ್ಥವಾಗುತ್ತದೆ.

ಐ.ಪಿ.ಎಫ್. ಅಂದರೆ ಇಂಡಿಜೆಂಟ್ ಪೇಷಂಟ್ಸ್ ಫಂಡ್, ಬಡ ರೋಗಿಗಳ ನಿಧಿ. ಮಹಾರಾಷ್ಟ್ರದಲ್ಲಿ ಸಾರ್ವಜನಿಕ ಟ್ರಸ್ಟ್‌ಗಳ ಕಾಯ್ದೆಯ 41ಎಎ ಕಲಮಿನಡಿ ಬರುವ ಆಸ್ಪತ್ರೆಗಳಿಗೆ ಬಾಂಬೆ ಹೈಕೋರ್ಟ್ 2006ರಲ್ಲಿ ಒಂದು ಯೋಜನೆ ಗೊತ್ತುಮಾಡಿತು. ನೂರು ಹಾಸಿಗೆಯಲ್ಲಿ ಹತ್ತು ಕಡುಬಡವರಿಗೆ ಉಚಿತ, ಇನ್ನು ಹತ್ತು ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿ. ಅದರ ಖರ್ಚಿಗೆ ಆಸ್ಪತ್ರೆ ಈ ಎರಡು ವರ್ಗ ಬಿಟ್ಟು ಉಳಿದೆಲ್ಲ ರೋಗಿಗಳ ಬಿಲ್ಲಿನ ಒಟ್ಟು ಮೊತ್ತದ 2% ಈ ನಿಧಿಗೆ ತೆಗೆದಿಡಬೇಕು. ಕೌಂಟರಿನ ಮುಂದೆ ಕೈಮುಗಿದು ನಿಂತವರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅವರ ಪಾಲಿನ ದುಡ್ಡು ಅದೇ ಕಟ್ಟಡದಲ್ಲಿದೆ, ಅದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.

ಆದಾಯದ ಲೆಕ್ಕವನ್ನು ಸರಿಯಾಗಿ ಹಾಕಿ, ಬಹಳ ಜನ ಎಡವುವುದು ಇಲ್ಲೇ. ಉಚಿತಕ್ಕೆ ಮಿತಿ ವರ್ಷಕ್ಕೆ 1,80,000 ರೂಪಾಯಿ, ರಿಯಾಯಿತಿಗೆ 3,60,000. ಎಣಿಸುವುದು ಇಡೀ ಕುಟುಂಬದ ದುಡಿಮೆಯನ್ನು. ತಮ್ಮನಿಗೆ ತಿಂಗಳಿಗೆ 14,000 ಸಂಬಳವಿದ್ದು ಬೇರೆ ದುಡಿಯುವವರಿಲ್ಲದಿದ್ದರೆ ವರ್ಷಕ್ಕೆ 1,68,000: ಉಚಿತದ ಸಾಲು. ಹೆಂಡತಿ ಮನೆಗೆಲಸಕ್ಕೆ ಹೋಗಿ 6,000 ತಂದರೆ 2,40,000 ಆಯಿತು, ಆಗ ರಿಯಾಯಿತಿಯ ಸಾಲು. ಆ ಸಾಲಿನವರು ಔಷಧಿ, ಸಾಮಗ್ರಿಗಳ ಬಿಲ್ಲಿನಲ್ಲಿ ಕನಿಷ್ಠ ಅರ್ಧ ಕೈಯಿಂದ ಕೊಡಬೇಕಾಗುತ್ತದೆ. ಅಷ್ಟನ್ನು ಮೊದಲೇ ಹೊಂದಿಸಿಕೊಂಡಿರಿ.

ಪುರಾವೆಯಾಗಿ ತಹಶೀಲ್ದಾರರ ಆದಾಯ ಪತ್ರ ಬೇಕು, ಮರಾಠಿಯಲ್ಲಿ 'ಉತ್ಪನ್ನಾಚಾ ದಾಖಲಾ'. ರೇಷನ್ ಕಾರ್ಡನ್ನೂ ಜೊತೆಗಿಟ್ಟುಕೊಳ್ಳಿ. ಕಲ್ಲಿನ ಆಪರೇಷನ್ನಿಗೆ ಸಾಮಾನ್ಯವಾಗಿ ಕೆಲವು ದಿನಗಳ ಸಮಯ ಸಿಗುತ್ತದೆ. ಡಾಕ್ಟರರನ್ನು ಕೇಳಿಕೊಂಡು ಆ ಅವಧಿಯಲ್ಲೇ ಈ ಕಾಗದ ಮಾಡಿಸಿ.

ಜ್ವರ ಏರಿ, ಮೂತ್ರ ಕಟ್ಟಿ ತುರ್ತಾಗಿಬಿಟ್ಟರೆ ಮಾತೇ ಬೇರೆ. ಆಗ ಕಾಗದಕ್ಕೆ ಕಾಯದೆ ಕರೆದೊಯ್ಯಿರಿ. ತುರ್ತು ರೋಗಿಯನ್ನು ಈ ಆಸ್ಪತ್ರೆಗಳು ತಕ್ಷಣ ಸೇರಿಸಿಕೊಂಡು, ಜೀವಕ್ಕೆ ಅಪಾಯ ತಪ್ಪುವವರೆಗೆ ಚಿಕಿತ್ಸೆ ಕೊಡಬೇಕು. ಡಿಪಾಸಿಟ್ ಕೇಳುವಂತಿಲ್ಲ.

ಮೀಸಲು ಹಾಸಿಗೆ ತುಂಬಿದೆ ಎಂದರೆ ಬೇರೆ ಟ್ರಸ್ಟ್ ಆಸ್ಪತ್ರೆ ನೋಡಿ. ಕೆ.ಇ.ಎಂ., ಸಾಯನ್, ನಾಯರ್‌ನಂಥ ಪಾಲಿಕೆ ಆಸ್ಪತ್ರೆಗಳೂ ಇವೆ. ಸರದಿ ಉದ್ದ, ಖರ್ಚು ತೀರ ಕಡಿಮೆ.

ಅರ್ಜಿಯನ್ನೇ ತೆಗೆದುಕೊಳ್ಳದಿದ್ದರೆ ಯಾವ ತಾರೀಖು, ಯಾರು ಏನೆಂದರು ಎಂದು ಬರೆದಿಟ್ಟುಕೊಂಡು ಟ್ರಸ್ಟ್‌ಗಳ ಉಸ್ತುವಾರಿ ನೋಡುವ, ವರಳಿಯ ಧರ್ಮಾದಾಯ ಆಯುಕ್ತರ (ಚಾರಿಟಿ ಕಮಿಷನರ್) ಕಚೇರಿಗೆ ಲಿಖಿತ ದೂರು ಕೊಡಿ.